ಬಾಳೆಹಣ್ಣಿನ ವಾಫಲ್: ಭಾನುವಾರ ಗರಿಗರಿ, ಸೋಮವಾರ ಎರಡು ಹೋಳು. ಯಾಕೆ?

ಕುವೆಂಪುನಗರದ ಅಪ್ಪ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಡುಗೆ ವಿಷಯದಲ್ಲಿ ಇದು ನನ್ನ ಮೊದಲ ಪ್ರಶ್ನೆ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮ ಮನೆಯಲ್ಲಿ ಬೆಳಗಿನ ತಿಂಡಿ ನನ್ನ ಪಾಲು. ಹೆಂಡತಿ ಆರೂವರೆಗೇ ಮನೆ ಬಿಟ್ಟು ರೈಲಿನಲ್ಲಿ ಮಂಡ್ಯಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಮಗಳು ಮೂರನೇ ಕ್ಲಾಸು, ಮಗ ಯುಕೆಜಿ. ಜೊತೆಗೆ ಅಮ್ಮ ಇದ್ದಾರೆ. ಶಾಲೆ ವ್ಯಾನು ಎಂಟು ಹತ್ತಕ್ಕೆ ಗೇಟಿನ ಮುಂದೆ ಬಂದು ಹಾರ್ನ್ ಹೊಡೆಯುತ್ತದೆ. ಉಪ್ಪಿಟ್ಟು, ಅವಲಕ್ಕಿ, ದೋಸೆ, ಚಿತ್ರಾನ್ನ, ಇಷ್ಟು ನನಗೆ ಕಣ್ಣು ಮುಚ್ಚಿಕೊಂಡು ಬರುತ್ತದೆ.

ಮೂರು ತಿಂಗಳ ಹಿಂದೆ ಮಗಳು ಮಾಲ್ ಒಂದರಲ್ಲಿ ವಾಫಲ್ ತಿಂದಳು. ಮೇಲೊಂದು ಕೆಳಗೊಂದು ಕಾದ ಅಚ್ಚಿನ ತಟ್ಟೆ, ನಡುವೆ ಹಿಟ್ಟು ಹೊಯ್ದು ಮುಚ್ಚಿ ಬೇಯಿಸೋದು, ಮೈಯೆಲ್ಲ ಚೌಕುಳಿ ಗುಳಿ ಇರುತ್ತದಲ್ಲ, ಅದು. ಮೇಲೆ ಚಾಕಲೇಟ್ ಸಾಸು, ಅದರ ಮೇಲೆ ಐಸ್‌ಕ್ರೀಮು, ಅದರ ಮೇಲೆ ಬಣ್ಣಬಣ್ಣದ ಸಕ್ಕರೆ ಕಾಳು. ಅದನ್ನು ತಿಂಡಿ ಅನ್ನೋದು ಕಷ್ಟ, ಮಿಠಾಯಿ ಅನ್ನಬೇಕು. ಅವತ್ತಿನಿಂದ ದಿನಾ ವಾಫಲ್ ಜಪ. ಕೊನೆಗೆ 750 ವ್ಯಾಟಿನ, ಎರಡು ಚೌಕದ ಮೆಷಿನ್ ತಂದೆ. ನನ್ನ ಷರತ್ತು ಎರಡೇ. ಮೈದಾ ಇರಬಾರದು, ಸಕ್ಕರೆ ಇರಬಾರದು.

ನಾನು ಹಾಕೋದು ಇಷ್ಟು: ಗೋಧಿ ಹಿಟ್ಟು ಒಂದೂವರೆ ಕಪ್, ಮಿಕ್ಸಿಯಲ್ಲಿ ಪುಡಿ ಮಾಡಿದ ಓಟ್ಸ್ ಅರ್ಧ ಕಪ್, ಎರಡು ಬಾಳೆಹಣ್ಣು, ಬೆಲ್ಲದ ಪಾಕ ಕಾಲು ಕಪ್, ಹಾಲು ಒಂದು ಕಪ್, ಬೇಕಿಂಗ್ ಪೌಡರ್ ಒಂದು ಚಿಕ್ಕ ಚಮಚ, ಅಡುಗೆ ಸೋಡಾ ಅರ್ಧ ಚಿಕ್ಕ ಚಮಚ. ಎಣ್ಣೆ ಒಂದೇ ಚಿಕ್ಕ ಚಮಚ. ಆರೋಗ್ಯ ನೋಡಿ! ಅಮ್ಮ ತಿನ್ನಲ್ಲ ಅಂತ ಮೊಟ್ಟೆ ಹಾಕಿಲ್ಲ.

ಭಾನುವಾರ ಸಂಜೆ ನಾಲ್ಕು ಗಂಟೆಗೆ ಇದನ್ನೇ ಕಲಸಿ, ಆಗಲೇ ಹೊಯ್ದರೆ ಚೆನ್ನಾಗಿಯೇ ಬರುತ್ತದೆ. ಅಂಗಡಿಯದರಷ್ಟು ಇಲ್ಲದಿದ್ದರೂ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಅದೇ ಹಿಟ್ಟನ್ನು ವಾರದ ದಿನ ರಾತ್ರಿ ಒಂಬತ್ತೂವರೆಗೆ ಕಲಸಿ ಫ್ರಿಜ್‌ನಲ್ಲಿಟ್ಟು, ಬೆಳಗ್ಗೆ ಏಳಕ್ಕೆ ತೆಗೆದು ಹೊಯ್ದರೆ ಕಥೆ ಬೇರೆ. ಬೆಳಗ್ಗೆ ಹಿಟ್ಟು ಗಟ್ಟಿಯಾಗಿರುತ್ತದೆ ಅಂತ ಇನ್ನಷ್ಟು ಹಾಲು ಹಾಕುತ್ತೇನೆ. ಮುಚ್ಚಳ ಎತ್ತಿದರೆ ವಾಫಲ್‌ನ ಅರ್ಧ ಮೇಲೆ, ಅರ್ಧ ಕೆಳಗೆ. ಆಮೇಲೆ ಮರದ ಕಡ್ಡಿ ಹಿಡಿದು ಕೆರೆಯುತ್ತಾ ಕೂರಬೇಕು. ಮಗ ಇದಕ್ಕೆ 'ಹರಿದ ವಾಫಲ್' ಅಂತ ಹೆಸರಿಟ್ಟಿದ್ದಾನೆ. ಅಮ್ಮ ಏನೂ ಹೇಳಲ್ಲ. ಸುಮ್ನೆ ದೋಸೆ ಹಂಚಿನ ಕಡೆ ಒಂದು ಸಲ ನೋಡುತ್ತಾರೆ, ಅಷ್ಟೆ.

ಮೆಷಿನ್ ಅದೇ, ಹಿಟ್ಟು ಅದೇ, ಕೈ ಅದೇ. ದೋಸೆ ಹಿಟ್ಟಾದರೆ ರಾತ್ರಿ ಇಟ್ಟಷ್ಟೂ ಒಳ್ಳೇದು ಅಲ್ವಾ? ಇದಕ್ಕೆ ಏನಾಗಿದೆ?

ಖಾಲಿದೋಸೆ:

ಸಾರ್, ನಿಮ್ಮ ಅಮ್ಮ ಹಂಚಿನ ಕಡೆ ನೋಡಿದ್ದರಲ್ಲೇ ಉತ್ತರ ಇದೆ. ಎಂಟು ಹತ್ತರ ವ್ಯಾನಿಗೆ ವಾಫಲ್ ಮಾಡೋ ಧೈರ್ಯ ನನಗಂತೂ ಇಲ್ಲ.

ವೈರ್‌ಮನ್ ದಾವಣಗೆರೆ:

ಅಡುಗೆ ನನಗೆ ಬರಲ್ಲ, ಕರೆಂಟು ಗೊತ್ತು. ಭಾನುವಾರ ಸಂಜೆ ಸರಿ, ವಾರದ ಬೆಳಗ್ಗೆ ಕೆಡುತ್ತದೆ ಅಂದರೆ ನನಗೆ ಮೊದಲು ಅನುಮಾನ ಬರೋದು ವೋಲ್ಟೇಜ್ ಮೇಲೆ. ಬೆಳಗ್ಗೆ ಏಳಕ್ಕೆ ನಿಮ್ಮ ಮನೆಯಲ್ಲಿ ಗೀಸರ್ ಇರುತ್ತದೆ, ಪಕ್ಕದ ಮನೆಯಲ್ಲಿ ಗೀಸರ್ ಇರುತ್ತದೆ, ಯಾರದೋ ಬೋರ್‌ವೆಲ್ ಮೋಟರ್ ಓಡುತ್ತಿರುತ್ತದೆ.

ಕಾಯಿಸುವ ಸಾಮಾನಿಗೆ ವೋಲ್ಟೇಜ್ ಸ್ವಲ್ಪ ಇಳಿದರೂ ಕಾವು ಜಾಸ್ತಿನೇ ಇಳಿಯುತ್ತದೆ. 230 ವೋಲ್ಟಿಗೆ 750 ವ್ಯಾಟ್ ಕೊಡುವ ಮೆಷಿನ್, 190 ವೋಲ್ಟಿಗೆ ಕೊಡೋದು ಸುಮಾರು 510 ವ್ಯಾಟ್ ಮಾತ್ರ. ಹಿಟ್ಟು ಹೊಯ್ದಾಗ ತಟ್ಟೆ ತಣ್ಣಗಾಗುತ್ತದಲ್ಲ, ಅದು ಮತ್ತೆ ಕಾಯೋಕೆ ಆಗ ತುಂಬಾ ಹೊತ್ತು ಹಿಡಿಯುತ್ತದೆ. ಉದ್ದದ ಎಕ್ಸ್‌ಟೆನ್ಶನ್ ಬಾಕ್ಸ್‌ನಲ್ಲಿ ಸಿಕ್ಕಿಸಿದ್ದರೆ ಅದನ್ನು ತೆಗೆದು ನೇರ ಗೋಡೆಯ ಸಾಕೆಟ್‌ಗೆ ಹಾಕಿ. ಒಂದು ದಿನ ಗೀಸರ್ ಆರಿಸಿ ಮಾಡಿ ನೋಡಿ.

ಇನ್ನೊಂದು ಮಾತು. ಕರೆಂಟ್ ಹೋದಾಗ ಇದನ್ನು ಮನೆ ಇನ್‌ವರ್ಟರ್ ಮೇಲೆ ಹಾಕೋಕೆ ಹೋಗಬೇಡಿ. ದೀಪ, ಫ್ಯಾನಿಗೆ ಅಂತ ಹಾಕಿಸಿದ ಸಣ್ಣ ಇನ್‌ವರ್ಟರ್ ಇದನ್ನು ಎಳೆಯಲ್ಲ.

ಕುವೆಂಪುನಗರದ ಅಪ್ಪ:

ಸಾರ್, ಗೀಸರ್ ನಿಜ. ಎಕ್ಸ್‌ಟೆನ್ಶನ್ ಬಾಕ್ಸ್ ಕೂಡ ನಿಜ. ಅಡುಗೆ ಮನೆಯಲ್ಲಿ ಇರೋ ಒಂದು ದೊಡ್ಡ ಸಾಕೆಟ್‌ನಲ್ಲಿ ಮಿಕ್ಸಿ ಕೂತಿದೆ. ನಾಳೆ ಗೀಸರ್ ಆರಿಸಿ ನೋಡುತ್ತೇನೆ.

ಬನ್ಸ್ ಅತ್ತೆ:

ವೋಲ್ಟೇಜ್ ನೋಡಿ ಮಾರಾಯ್ರೆ, ಬೇಡ ಅಂತ ಹೇಳುವುದಿಲ್ಲ. ಆದರೆ ಉತ್ತರ ನೀವೇ ಬರೆದಿದ್ದೀರಿ: ರಾತ್ರಿ ಒಂಬತ್ತೂವರೆ.

ನಾನು ಉಡುಪಿಯವಳು, ಈಗ ಮಗನ ಜೊತೆ ಬೆಂಗಳೂರಲ್ಲಿ ಇದ್ದೇನೆ. ಬಾಳೆಹಣ್ಣು ಹಿಸುಕಿ ತಿಂಡಿ ಮಾಡುವುದು ನಮಗೆ ಹೊಸತಲ್ಲ. ಬನ್ಸು, ಗುಳಿಯಪ್ಪ, ಮುಳ್ಕ, ಎಲ್ಲ ಅದರದ್ದೇ. ಹಣ್ಣು ಕಪ್ಪಾದರೆ ನಮ್ಮಲ್ಲಿ ಯಾರೂ ಎಸೆಯುವುದಿಲ್ಲ. ಸೊಸೆ ವಾಫಲ್ ಮೆಷಿನ್ ತಂದಾಗ ನಾನು ನೋಡಿ ನಕ್ಕೆ. ಈಗ ಅದನ್ನು ಹೆಚ್ಚು ಬಳಸುವವಳು ನಾನೇ.

ದೋಸೆ ಹಿಟ್ಟಿನ ಲೆಕ್ಕ ಇದಕ್ಕೆ ಹಾಕಬೇಡಿ. ದೋಸೆ ಹಿಟ್ಟು ರಾತ್ರಿಯಿಡೀ ಹುಳಿ ಬರುತ್ತದೆ. ಅದರೊಳಗೆ ಗಾಳಿ ಹುಟ್ಟುತ್ತಲೇ ಇರುತ್ತದೆ, ಬೆಳಗಾಗುವಾಗ ಉಬ್ಬಿ ನಿಂತಿರುತ್ತದೆ. ಸೋಡಾ ಹಾಕಿದ ಹಿಟ್ಟಿನದ್ದು ಇದಕ್ಕೆ ತಿರುಗಾಮುರುಗಾ. ನೀರು, ಹುಳಿ ತಾಗಿದ ಕೂಡಲೇ ಸೋಡಾ ತನ್ನ ಕೆಲಸ ಶುರು ಮಾಡಿ ಮುಗಿಸಿಬಿಡುತ್ತದೆ. ಬೇಕಿಂಗ್ ಪೌಡರಿನಲ್ಲಿ ಒಂದು ಪಾಲು ಬಿಸಿ ತಾಗಿದ ಮೇಲೆ ಕೆಲಸ ಮಾಡುವುದು ಇರುತ್ತದೆ, ಆದರೆ ಅದೂ ಒಂಬತ್ತು ಗಂಟೆ ಒದ್ದೆಯಲ್ಲಿ ಕೂತರೆ ಮೊದಲಿನ ಹಾಗೆ ಇರುವುದಿಲ್ಲ. ಭಾನುವಾರ ನಿಮಗೆ ಸಿಕ್ಕಿದ್ದು ಜೀವ ಇರುವ ಹಿಟ್ಟು. ಸೋಮವಾರದ್ದು ಗೋಧಿ ಗಂಜಿ.

'ಬನ್ಸ್ ಹಿಟ್ಟು ರಾತ್ರಿ ಇಡುತ್ತೀರಲ್ಲ, ಅದರಲ್ಲೂ ಸೋಡಾ ಇದೆಯಲ್ಲ' ಅಂತ ಯಾರಾದರೂ ಕೇಳುತ್ತೀರಿ, ಗೊತ್ತು. ಅದು ಗಟ್ಟಿ ಹಿಟ್ಟು, ಲಟ್ಟಿಸುವಂಥದ್ದು, ಮೈದಾ ಬೇರೆ. ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಸರಿನ ಹುಳಿ ಬೇರೆ ಬರುತ್ತದೆ. ಮತ್ತೆ ಅದು ಉಬ್ಬುವುದು ಕಾದ ಎಣ್ಣೆಗೆ ಬಿದ್ದಾಗ. ವಾಫಲ್ ಹಿಟ್ಟು ಸಡಿಲ. ಗುಳ್ಳೆ ಮೇಲೆ ಬಂದು ಒಡೆದು ಹೋಗುತ್ತದೆ.

ಅದಲ್ಲದೆ ರಾತ್ರಿಯಿಡೀ ಗೋಧಿ ಮತ್ತು ಓಟ್ಸು ಹಾಲನ್ನೆಲ್ಲ ಕುಡಿಯುತ್ತವೆ. ಬೆಳಗ್ಗೆ ಗಟ್ಟಿಯಾಯಿತು ಅಂತ ನೀವು ಮತ್ತೆ ಹಾಲು ಸುರಿಯುತ್ತೀರಿ. ಈಗ ನೀರಂಶ ಜಾಸ್ತಿ, ಗಾಳಿ ಇಲ್ಲ, ಫ್ರಿಜ್ಜಿನ ತಣ್ಣಗಿನ ಹಿಟ್ಟು. ಬಿಸಿ ತಟ್ಟೆ ಮೇಲೆ ಬಿದ್ದರೆ ಹೊರಗಿನ ಪದರ ತಟ್ಟೆಗೆ ಅಂಟಿ ಬೇಯುತ್ತದೆ, ನಡುವೆ ಹಸಿ. ಮುಚ್ಚಳ ಎತ್ತಿದರೆ ಆ ಹಸಿ ಜಾಗದಲ್ಲೇ ಸೀಳುವುದು.

ಇನ್ನು ಎಣ್ಣೆ. ಒಂದು ಚಿಕ್ಕ ಚಮಚ! ಎರಡು ಕಪ್ ಹಿಟ್ಟಿಗೆ! ಆರೋಗ್ಯ ಅಂದರೆ ತುಪ್ಪ ಬಿಡುವುದಾ? ಜಿಡ್ಡಿಲ್ಲದ ಹಿಟ್ಟು ಅಂಟದೆ ಇನ್ನೇನು ಮಾಡುತ್ತದೆ? ಬೆಲ್ಲದ ಪಾಕ ಪೂರ್ತಿ ಬಿಡಿ. ಸಿಹಿ ಜಾಸ್ತಿ ಇದ್ದಷ್ಟೂ ತಟ್ಟೆಗೆ ಕಚ್ಚಿಕೊಂಡು ಕಪ್ಪಾಗುತ್ತದೆ. ಚುಕ್ಕೆ ಬಿದ್ದ ಬಾಳೆಹಣ್ಣಲ್ಲೇ ಬೇಕಾದಷ್ಟು ಸಿಹಿ ಇದೆ. ಹಣ್ಣಾಗುತ್ತಾ ಹಿಟ್ಟಿನಂಶ ಸಕ್ಕರೆಯಾಗುತ್ತದೆ, ಅದಕ್ಕೇ ಹಸುರು ಸಿಪ್ಪೆಯ ಹಣ್ಣು ಚಪ್ಪೆ.

ನಾನು ಮಾಡುವುದು ಹೇಳುತ್ತೇನೆ. ನಿಮ್ಮ ಮೆಷಿನ್ನಿನಲ್ಲಿ ನಾಲ್ಕಾದರೂ ಆಗಬೇಕು. ರಾತ್ರಿ ಒಂದು ಡಬ್ಬಿಯಲ್ಲಿ ಒಣ ಸಾಮಾನು ಮಾತ್ರ: ಗೋಧಿ ಹಿಟ್ಟು ಒಂದು ಕಪ್, ಅಕ್ಕಿ ಹಿಟ್ಟು ಎರಡು ದೊಡ್ಡ ಚಮಚ (ಗರಿಗರಿ ಆಗುವುದು ಇದರಿಂದ, ಬಿಡಬೇಡಿ), ಬೇಕಿಂಗ್ ಪೌಡರ್ ಒಂದೂವರೆ ಚಿಕ್ಕ ಚಮಚ, ಸೋಡಾ ಕಾಲು ಚಿಕ್ಕ ಚಮಚ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಬೆಳಗ್ಗೆ ಎದ್ದ ಕೂಡಲೇ ಮೆಷಿನ್ ಹಾಕಿ. ಅದು ಕಾಯುವಷ್ಟರಲ್ಲಿ ಬಾಳೆಹಣ್ಣು ಹಿಸುಕಿ, ಒಂದು ಮೊಟ್ಟೆ, ಅರ್ಧ ಕಪ್ ಹುಳಿ ಮಜ್ಜಿಗೆ, ಕರಗಿಸಿದ ತುಪ್ಪ ಎರಡು ದೊಡ್ಡ ಚಮಚ ಸೇರಿಸಿ, ಡಬ್ಬಿಯ ಹಿಟ್ಟು ಸುರಿದು ಕಲಸಿ. ಇಡ್ಲಿ ಹಿಟ್ಟಿನ ಹದ ಸಾಕು. ಗಂಟು ಒಂದೆರಡು ಉಳಿದರೆ ಉಳಿಯಲಿ, ತಿರುವಿ ತಿರುವಿ ಸಾಯಿಸಬೇಡಿ. ಗೋಧಿ ಜಾಸ್ತಿ ತಿರುವಿದರೆ ರಬ್ಬರು. ಐದು ನಿಮಿಷ ಬಿಟ್ಟು ಹೊಯ್ಯಿರಿ.

ಹಣ್ಣಿನ ಲೆಕ್ಕದಲ್ಲೂ ಮೋಸ ಹೋಗಬೇಡಿ. 'ಎರಡು ಬಾಳೆಹಣ್ಣು' ಅಂತ ಇಂಟರ್‌ನೆಟ್‌ನಲ್ಲಿ ಬರೆಯುವವರ ಬಾಳೆಹಣ್ಣು ನಮ್ಮ ಪಚ್ಚಬಾಳೆಯ ಗಾತ್ರದ್ದು. ಏಲಕ್ಕಿ ಬಾಳೆ ಆದರೆ ಎರಡು ಯಾವ ಮೂಲೆಗೂ ಸಾಲದು. ಸಿಪ್ಪೆ ತೆಗೆದು 150 ಗ್ರಾಂ ಅಂತ ಇಟ್ಟುಕೊಳ್ಳಿ, ಏಲಕ್ಕಿಯದ್ದು ಮೂರು-ನಾಲ್ಕು ಬೇಕಾಗುತ್ತದೆ. ಪಚ್ಚಬಾಳೆಯಲ್ಲಿ ನೀರು ಜಾಸ್ತಿ, ಮಜ್ಜಿಗೆ ಒಂದು ಚಮಚ ಕಡಿಮೆ ಹಾಕಿ. ನೇಂದ್ರ ಬೇಡ, ಸಿಪ್ಪೆ ಕಪ್ಪಾಗುವ ತನಕ ಹಿಸುಕಲು ಬರುವುದಿಲ್ಲ. ನೀವು ಮೈಸೂರಿನವರು, ನಂಜನಗೂಡು ರಸಬಾಳೆ ಸಿಕ್ಕಿದರೆ ದಯವಿಟ್ಟು ಅದನ್ನು ಹಿಟ್ಟಿಗೆ ಹಾಕಬೇಡಿ. ಅದನ್ನು ಹಾಗೆಯೇ ತಿನ್ನಬೇಕು, ಬೇರೆ ಯಾವುದೂ ಪಾಪ.

ಕೊನೆಯದಾಗಿ, ಆಯಿತು ಅಂತ ಹೇಳುವ ಮೆಷಿನ್ನಿನ ಹಸಿರು ದೀಪವನ್ನು ನಂಬಬೇಡಿ, ಹಬೆ ನೋಡಿ. ಹೊಯ್ದ ಮೇಲೆ ಬದಿಯಿಂದ ಹಬೆ ಜೋರಾಗಿ ಬರುತ್ತದೆ. ಅದು ಹೆಚ್ಚುಕಮ್ಮಿ ನಿಲ್ಲುವ ತನಕ ಮುಚ್ಚಳ ಮುಟ್ಟಬಾರದು. ಎತ್ತುವಾಗ ತಡೆದರೆ ಬೆಂದಿಲ್ಲ ಅಂತಲೇ ಅರ್ಥ. ಒಂದು ನಿಮಿಷ ಬಿಡಿ, ಅದೇ ಬಿಡುತ್ತದೆ.

ಅಗಸಿ ಚಟ್ನಿ, ಧಾರವಾಡ:

ಅತ್ತೆಯವರು ಹೇಳಿದ್ದೆಲ್ಲ ಸರಿ. ಆದರೆ ಅವರ ಅಮ್ಮ ಮೊಟ್ಟೆ ತಿನ್ನಲ್ಲ ಅನ್ನೋದನ್ನು ಮರೆತರು. ಅಗಸೆ ಬೀಜ ಹುರಿಯದೆ ಪುಡಿ ಮಾಡಿ ಇಟ್ಟುಕೊಳ್ಳಿ. ಒಂದು ಮೊಟ್ಟೆಗೆ ಬದಲು ಒಂದು ದೊಡ್ಡ ಚಮಚ ಪುಡಿ, ಮೂರು ದೊಡ್ಡ ಚಮಚ ನೀರು. ಹತ್ತು ನಿಮಿಷ ಬಿಟ್ಟರೆ ಲೋಳೆಲೋಳೆ ಆಗುತ್ತದೆ, ಅದೇ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಬಣ್ಣ ಸ್ವಲ್ಪ ಕಂದು, ಬೇಯೋಕೆ ಒಂದೆರಡು ನಿಮಿಷ ಜಾಸ್ತಿ. ಮೊಟ್ಟೆ ಹಾಕಿದಷ್ಟು ಹಗುರ ಆಗಲ್ಲ, ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ರಾಗಿ ಸೇರಿಸೋ ಆಸೆ ಬಂದರೆ ಕಪ್ಪಿನಲ್ಲಿ ಕಾಲು ಭಾಗ ಸಾಕು. ನಾನು ಅರ್ಧಕ್ಕರ್ಧ ಹಾಕಿ ಮಾಡಿದ್ದೆ. ತಟ್ಟೆಯಲ್ಲಿ ಸಿಕ್ಕಿದ್ದು ವಾಫಲ್ ಅಲ್ಲ, ಹುಡಿ. ರಾಗಿಗೆ ಗೋಧಿಯ ಹಾಗೆ ಅಂಟು ಇಲ್ಲವಲ್ಲ.

ಲ್ಯೂವೆನ್‌ನಿಂದ:

ಓದಲು ಅಂತ ಬೆಲ್ಜಿಯಂಗೆ ಬಂದು ಇಲ್ಲೇ ಉಳಿದುಕೊಂಡವನು ನಾನು. ವಾಫಲ್ ದೇಶದಿಂದ ಒಂದು ಸುದ್ದಿ ಹೇಳಲಾ? ಇಲ್ಲಿನವರು ಇದನ್ನು ಬೆಳಗಿನ ತಿಂಡಿಗೆ ತಿನ್ನಲ್ಲ! ಬೆಳಗ್ಗೆ ಇವರಿಗೆ ಬ್ರೆಡ್ಡು. ವಾಫಲ್ ಏನಿದ್ದರೂ ಮಧ್ಯಾಹ್ನದ ಮೇಲೆ, ಬೀದಿಯಲ್ಲಿ ನಿಂತು ತಿನ್ನೋದು. ನಮ್ಮಲ್ಲಿ ಸಂಜೆ ಬೋಂಡಾ ಇದ್ದ ಹಾಗೆ. ತಿಂಡಿ ತಟ್ಟೆಗೆ ಅದನ್ನು ತಂದವರು ಅಮೆರಿಕದವರು. ಒಲೆಯ ಮೇಲೆ ಇಡುವ ವಾಫಲ್ ಅಚ್ಚಿಗೆ ಅಲ್ಲಿ 1869ರಲ್ಲೇ ಪೇಟೆಂಟ್ ಆಗಿದೆ. ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ ಅನ್ನುವವನ ಹೆಸರಲ್ಲಿ. 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಕೆನೆ, ಸ್ಟ್ರಾಬೆರಿ ಹಾಕಿ ಮಾರಿದ ಮೇಲೆ 'ಬೆಲ್ಜಿಯನ್ ವಾಫಲ್' ಅನ್ನೋ ಹೆಸರು ಅಲ್ಲಿ ಮನೆಮಾತಾಯಿತು.

ನಿಮ್ಮ ಪ್ರಶ್ನೆಗೆ ಇದಕ್ಕೂ ಸಂಬಂಧ ಇದೆ. ಇಲ್ಲಿನ ಹಳೇ ಪದ್ಧತಿಯ ವಾಫಲ್‌ಗೆ ಹಾಕೋದು ಸೋಡಾ ಅಲ್ಲ, ಯೀಸ್ಟ್. ಲಿಯೇಜ್ ಊರಿನದಂತೂ ಗಟ್ಟಿ ಹಿಟ್ಟಿನ ಉಂಡೆ. ಒಳಗೆ ದಪ್ಪ ಸಕ್ಕರೆ ಹರಳು ಇರುತ್ತದೆ, ಅಚ್ಚಿನಲ್ಲಿ ಅದು ಕರಗಿ ಹೊರಗೆ ಗಾಜಿನ ಹಾಗೆ ಹಿಡಿಯುತ್ತದೆ. ಅಂದರೆ ನೀವು ಹಟ ಹಿಡಿದು ರಾತ್ರಿಯೇ ಕಲಸಿಡಬೇಕು ಅಂದರೆ ದಾರಿ ಇದೆ. ಬೇಕಿಂಗ್ ಪೌಡರ್, ಸೋಡಾ ಎರಡನ್ನೂ ಬಿಟ್ಟು, ಒಂದು ಕಪ್ ಹಿಟ್ಟಿಗೆ ಅರ್ಧ ಚಿಕ್ಕ ಚಮಚ ಒಣ ಯೀಸ್ಟ್ ಹಾಕಿ. ಮಜ್ಜಿಗೆ ಬದಲು ಉಗುರುಬೆಚ್ಚಗಿನ ಹಾಲು. ಕಲಸಿ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಫ್ರಿಜ್. ದೊಡ್ಡ ಪಾತ್ರೆ ತಗೊಳ್ಳಿ, ಉಕ್ಕುತ್ತದೆ. ಬಾಳೆಹಣ್ಣು, ಮೊಟ್ಟೆ ಮಾತ್ರ ಬೆಳಗ್ಗೆ ಸೇರಿಸಿ.

ಆದರೆ ನಾನು ಮಾಡೋದು ಇದೂ ಅಲ್ಲ. ಭಾನುವಾರವೇ ಎರಡರಷ್ಟು ವಾಫಲ್ ಮಾಡಿ, ಜಾಲರಿ ಮೇಲೆ ಪೂರ್ತಿ ಆರಿಸಿ, ಒಂದೊಂದರ ಮಧ್ಯೆ ಬೆಣ್ಣೆ ಕಾಗದ ಇಟ್ಟು ಫ್ರೀಜರ್‌ಗೆ ಹಾಕುತ್ತೇನೆ. ಬೆಳಗ್ಗೆ ಹೆಪ್ಪುಗಟ್ಟಿದ್ದನ್ನೇ ನೇರ ಟೋಸ್ಟರ್‌ಗೆ. ಮೆತ್ತಗಾಗೋಕೆ ಹೊರಗೆ ಇಟ್ಟರೆ ಕೆಟ್ಟಿತು.

ಖಾಲಿದೋಸೆ:

ನಾನು ತಮಾಷೆ ಮಾಡಿದ್ದಕ್ಕೆ ಪ್ರಾಯಶ್ಚಿತ್ತ. ಭಾವನ ಮನೆಯಲ್ಲಿ ಈ ಮೆಷಿನ್ ಇತ್ತು, ಫ್ರಿಜ್‌ನಲ್ಲಿ ಸೆಟ್ ದೋಸೆ ಹಿಟ್ಟಿತ್ತು. ಎರಡು ಸೌಟು ಹಿಟ್ಟಿಗೆ ಒಂದು ಏಲಕ್ಕಿ ಬಾಳೆ ಹಿಸುಕಿ, ತಟ್ಟೆಗೆ ಧಾರಾಳವಾಗಿ ತುಪ್ಪ ಸವರಿ ಹೊಯ್ದೆ. ಬಂತು ಸ್ವಾಮಿ! ಹೊರಗೆ ಗರಿಗರಿ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ. ಮೈದಾ ಇಲ್ಲ, ಸೋಡಾ ಇಲ್ಲ, ಮೊಟ್ಟೆ ಇಲ್ಲ, ರಾತ್ರಿಯೇ ತಯಾರು. ಇದಕ್ಕೆ ಏನಂತ ಹೆಸರಿಡಬೇಕೋ ಗೊತ್ತಿಲ್ಲ.

ಕುವೆಂಪುನಗರದ ಅಪ್ಪ:

ಎಲ್ಲರಿಗೂ ಥ್ಯಾಂಕ್ಸ್. ವಾರ ಪೂರ್ತಿ ಪ್ರಯೋಗ ಮಾಡಿದೆ, ವರದಿ ಕೊಡುತ್ತಿದ್ದೇನೆ.

ಮಂಗಳವಾರ: ರಾತ್ರಿ ಕಲಸಿದ ಅದೇ ಹಳೇ ಹಿಟ್ಟು, ಆದರೆ ಗೀಸರ್ ಆಫ್, ನೇರ ಗೋಡೆ ಸಾಕೆಟ್. ಎರಡರಲ್ಲಿ ಎರಡೂ ಹರಿದವು. ಬುಧವಾರ: ಬನ್ಸ್ ಅತ್ತೆಯವರ ಲೆಕ್ಕದ ಹಿಟ್ಟು, ಆಗಲೇ ಕಲಸಿದ್ದು, ಬೇಕಂತಲೇ ಗೀಸರ್ ಹಾಕಿ, ಎಕ್ಸ್‌ಟೆನ್ಶನ್ ಬಾಕ್ಸ್‌ನಲ್ಲಿ. ಒಂದೂ ಹರಿಯಲಿಲ್ಲ! ಬಣ್ಣ ಮಾತ್ರ ಸಪ್ಪೆ, ಆರು ನಿಮಿಷ ಹಿಡಿಯಿತು. ಗುರುವಾರ: ಅದೇ ಹಿಟ್ಟು, ಗೀಸರ್ ಆಫ್, ಗೋಡೆ ಸಾಕೆಟ್. ನಾಲ್ಕು ನಿಮಿಷ, ಹೊಂಬಣ್ಣ. ಅಂದರೆ ಹರಿಯೋದಕ್ಕೆ ಕಾರಣ ನನ್ನ ಹಿಟ್ಟು, ಸಪ್ಪೆ ಬಣ್ಣಕ್ಕೆ ಕಾರಣ ಕರೆಂಟು. ಅತ್ತೆಯವರೂ ಗೆದ್ದರು, ವೈರ್‌ಮನ್ ಸಾರೂ ಗೆದ್ದರು. ಈಗ ಸ್ನಾನ ಮೊದಲು, ವಾಫಲ್ ಆಮೇಲೆ ಅಂತ ಕಾನೂನು ಮಾಡಿದ್ದೇನೆ. ಮಿಕ್ಸಿ ಬೇರೆ ಜಾಗಕ್ಕೆ ಹೋಯಿತು.

ಹಣ್ಣು ತೂಗಿ ನೋಡಿದೆ. ನಮ್ಮ ಬೀದಿ ಗಾಡಿಯವರು ಕೊಡೋ ಏಲಕ್ಕಿ ಬಾಳೆ ಸಿಪ್ಪೆ ತೆಗೆದರೆ ಒಂದು 42 ಗ್ರಾಂ. ಇಷ್ಟು ದಿನ ಎರಡು ಹಾಕಿಕೊಂಡು ಬಾಳೆಹಣ್ಣಿನ ವಾಫಲ್ ಅಂತ ಹೇಳುತ್ತಿದ್ದೆ. ಬೆಲ್ಲ ಬಿಟ್ಟದ್ದು ಮಕ್ಕಳಿಗೆ ಗೊತ್ತೇ ಆಗಲಿಲ್ಲ. ತುಪ್ಪ ಹಾಕಿದ್ದು ಗೊತ್ತಾಯಿತು, ಘಮ ಬಂತು ಅಂತ ಮಗಳು ಹಾಸಿಗೆಯಿಂದ ತಾನೇ ಎದ್ದು ಬಂದಳು.

ಅಮ್ಮನಿಗೆ ಶುಕ್ರವಾರ ಅಗಸೆ ಬೀಜದ್ದು ಮಾಡಿದೆ. ನಿಧಾನಕ್ಕೆ ಪೂರ್ತಿ ತಿಂದರು. ಮುಗಿಸಿ, 'ಚೆನ್ನಾಗಿದೆ ಕಣೋ, ಇದಕ್ಕೆ ಚಟ್ನಿ ಮಾಡಿಲ್ವಾ?' ಅಂದರು. ನಾಳೆ ಖಾಲಿದೋಸೆ ಸಾರ್ ಹೇಳಿದ ಪ್ರಯೋಗ, ಚಟ್ನಿ ಸಮೇತ.

ಇನ್ನೊಂದೇ ಅನುಮಾನ ಉಳಿದಿದೆ. ಮಗಳು ಡಬ್ಬಿಗೂ ಹಾಕು ಅಂತಾಳೆ. ಹಾಕಿದರೆ ಹನ್ನೊಂದು ಗಂಟೆಗೆ ತೆಗೆಯುವಷ್ಟರಲ್ಲಿ ಒದ್ದೆ ಬಟ್ಟೆ ಆಗಿರುತ್ತದಂತೆ.

ಬನ್ಸ್ ಅತ್ತೆ:

ಬಿಸಿ ಇರುವಾಗಲೇ ಮುಚ್ಚಳ ಹಾಕುತ್ತೀರಿ, ಹೌದಾ? ಅದರದ್ದೇ ಹಬೆ ಅದಕ್ಕೇ ಇಳಿಯುತ್ತದೆ. ತಟ್ಟೆಯಲ್ಲೂ ಇಡಬೇಡಿ, ಅಡಿ ಬೆವರುತ್ತದೆ. ಜಾಲರಿ ಇಲ್ಲದಿದ್ದರೆ ಚಪಾತಿ ಸುಡುವ ಬಲೆ ಉಂಟಲ್ಲ, ಅದರ ಮೇಲೆ ಹತ್ತು ನಿಮಿಷ ಆರಿಸಿ. ಡಬ್ಬಿಯ ಅಡಿಗೆ ಒಂದು ತೆಳು ಬಟ್ಟೆ ಹಾಸಿ, ನಾಲ್ಕು ತುಂಡು ಮಾಡಿ ನಿಲ್ಲಿಸಿ ಇಡಿ. ಹೆಚ್ಚಿದ ಬಾಳೆಹಣ್ಣು ಅದರ ಜೊತೆ ಇಡಬೇಡಿ, ಬೇರೆ ಡಬ್ಬಿ ಕೊಡಿ. ಅಷ್ಟಾದರೂ ಬೆಳಗ್ಗಿನ ಗರಿಗರಿ ಹನ್ನೊಂದಕ್ಕೆ ಇರುವುದಿಲ್ಲ, ಅದನ್ನು ಮಗಳಿಗೆ ಈಗಲೇ ಹೇಳಿಡಿ. ದೋಸೆ ಡಬ್ಬಿಗೆ ಹಾಕಿದರೂ ಅಷ್ಟೇ ಅಲ್ವಾ.